ಸುಲಭ ನಡಿಗೆ, ನಂಬರ್ ಏಳು

ಅವತ್ತು ಆ ಫ್ಯಾನು ಸದ್ದು ಮಾಡದೆ ತಿರುಗಿದ್ದಿದ್ದರೆ ನಡಿಗೆಪ್ಪ ಇವತ್ತಿಗೂ ಸುಖವಾಗಿರುತ್ತಿದ್ದ.

ಮೂರು ವರ್ಷದ ಹಿಂದಿನ ಮಾತು. ಪ್ರವಾಸಿ ಮಾಹಿತಿ ಕಚೇರಿಯಲ್ಲಿ ಮೀಟಿಂಗು ನಡೆದಿತ್ತು. ತಲೆಯ ಮೇಲಿನ ಫ್ಯಾನು ಈಗಲೋ ಆಗಲೋ ಕಳಚಿ ಬೀಳುವಂತೆ ಒದರಾಡುತ್ತಿತ್ತು. ಅದನ್ನು ಹೇಳೋಣವೆಂದು ಅವನು ಕೈ ಎತ್ತಿದ. ಅದೇ ಗಳಿಗೆಗೆ ಸರಿಯಾಗಿ ಮೇಡಂ, "ನಿಮ್ಮಲ್ಲಿ ಭಾನುವಾರ ವಾಕಿಂಗ್ ಹೋಗೋ ಅಭ್ಯಾಸ ಯಾರಿಗಿದೆ?" ಎಂದು ಕೇಳಿಬಿಟ್ಟರು. ಇಡೀ ಕೋಣೆಯಲ್ಲಿ ಮೇಲೆದ್ದಿದ್ದ ಕೈ ಅದೊಂದೇ.

"ಭೇಷ್! ಹಾಗಾದ್ರೆ 'ಸುಲಭ ನಡಿಗೆಗಳು' ಪುಸ್ತಿಕೆ ನಿಮ್ಮ ಜವಾಬ್ದಾರಿ. ಚೆಂದದ ದಾರಿ ಆರಿಸಿ. ಎಷ್ಟು ಹೊತ್ತು ಬೇಕು, ಯಾವ ಕಾಲದಲ್ಲಿ ಹೋದ್ರೆ ಚೆನ್ನ, ಎಲ್ಲಾ ಬರೀರಿ. ನೀವೇ ನಡೆದು ನೋಡಿ ಬರೀಬೇಕು, ತಿಳೀತಾ?" ಎಂದರು ಮೇಡಂ.

ತಿಳಿಯಿತು ಎಂದು ಅವನು ತಲೆಯಾಡಿಸಿದ. ಫ್ಯಾನಿನ ಸುದ್ದಿ ಬಾಯಲ್ಲೇ ಉಳಿಯಿತು. ಅವತ್ತಿನಿಂದ ಅವನ ಸ್ವಂತ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ. ಮಿಕ್ಕವರಿಗೆಲ್ಲ ನಡಿಗೆಪ್ಪ.

ಈ ನಡಿಗೆಪ್ಪನಿಗೆ ಜಗತ್ತಿನಲ್ಲಿ ಆಗದ ಒಂದೇ ಒಂದು ಸಂಗತಿಯೆಂದರೆ ನಡೆಯುವುದು. ಬಸ್ ಸ್ಟಾಪು ದೂರವಾಯಿತೆಂದು ಎರಡು ಮನೆ ಬದಲಾಯಿಸಿದ್ದ ಆಸಾಮಿ ಅವನು. ಆದರೂ ಭಾನುವಾರ ಬೆಳಗ್ಗೆ ಆರಕ್ಕೆ ಟೋಪಿ, ಕೋಲು, ನೀರಿನ ಬಾಟಲಿ ಸಮೇತ ಹೊರಡುತ್ತಿದ್ದ. ಎರಡು ಬೀದಿ ದಾಟಿ ಪೋಸ್ಟ್‌ಮನ್ ಗೆಳೆಯನ ಕೋಣೆ ಸೇರುತ್ತಿದ್ದ. ಎಂಟರ ತನಕ ಅಲ್ಲೇ ನಿದ್ದೆ, ಆಮೇಲೆ ಕೇರಂ. ಊರಿನ ಮೂಲೆಮೂಲೆಗೂ ಕಾಗದ ಹಂಚುವ ಆ ಗೆಳೆಯ ಕೇರಂ ಕಾಯಿಗೆ ಗುರಿಯಿಡುತ್ತಲೇ, "ಏಳನೇ ದಾರೀನಾ? ನಲವತ್ತು ನಿಮಿಷ. ಒಂದು ತೊಟ್ಟು ಬೆವರಲ್ಲ, ಬರ್ಕೋ" ಎಂದು ಹೇಳುತ್ತಿದ್ದ. ಇವನು ಬರೆದುಕೊಳ್ಳುತ್ತಿದ್ದ. ಹನ್ನೆರಡಕ್ಕೆ ಗೆಳೆಯನ ಹೂಕುಂಡದ ಮಣ್ಣನ್ನು ಒಂದಿಷ್ಟು ಬೂಟಿಗೆ ಬಳಿದುಕೊಂಡು, ಉಸ್ಸಪ್ಪಾ ಎನ್ನುತ್ತ ಮನೆಗೆ ಮರಳುತ್ತಿದ್ದ.

ಹೆಂಡತಿ ಮೊದಮೊದಲು ಒಂದು ಸಲ ಕೇಳಿದ್ದಳು. "ರೀ, ನಾನೂ ಬರ್ಲಾ?"

"ನಿನ್ನ ಮಂಡಿ ನೋವಿಗೆ ಅದೆಲ್ಲ ಆಗಲ್ಲ ಕಣೆ. ಸುಮ್ನೆ ಎಣ್ಣೆ ಹಚ್ಕೊಂಡು ಮಲಕ್ಕೋ" ಎಂದಿದ್ದ ಅವನು, ಮುಖದ ತುಂಬ ಅಕ್ಕರೆ ತಂದುಕೊಂಡು. ಅವಳು ಮತ್ತೆ ಕೇಳಲಿಲ್ಲ.

ಪುಸ್ತಿಕೆ ಅಚ್ಚಾಯಿತು, ಪ್ರತಿಗಳು ಖರ್ಚೂ ಆದವು. ಎಲ್ಲ ಸುಸೂತ್ರವಾಗಿದೆ ಎನ್ನುವಾಗ ಕಾಗದಗಳು ಬರತೊಡಗಿದವು. ಎಲ್ಲವೂ ಟೈಪು ಮಾಡಿದ್ದು, ವಿಳಾಸವಿಲ್ಲದ್ದು, ಕೊನೆಗೆ "ಇತಿ, ನಡೆದು ನೋಡಿದವರು" ಎಂಬ ರುಜು. ಒಂದನೇ ದಾರಿಯಲ್ಲಿ ಸೇತುವೆ ಇಲ್ಲ, ಹಲಗೆ ಇದೆ. ಮೂರನೇ ದಾರಿಯ ತಂಪು ಮರ ಕಡಿದು ಆರು ವರ್ಷವಾಯಿತು. ಹೀಗೆ. ಅವನ್ನೆಲ್ಲ ತಂದುಕೊಡುತ್ತಿದ್ದವನು ಅದೇ ಪೋಸ್ಟ್‌ಮನ್ ಗೆಳೆಯ. "ನಿನಗೊಬ್ಬ ಅಭಿಮಾನಿ ಸಿಕ್ಕಿದಾನೆ ನೋಡು" ಎಂದು ಹಲ್ಲು ಬೇರೆ ಕಿರಿಯುತ್ತಿದ್ದ.

ಈ ಶನಿವಾರ ಹತ್ತು ಗಂಟೆಗೆ ಬಂದ ಕಾಗದ ನೇರವಾಗಿ ಮೇಡಂ ಹೆಸರಿಗಿತ್ತು. ಅವರು ನಡಿಗೆಪ್ಪನನ್ನು ಕರೆಸಿ, ಗಟ್ಟಿಯಾಗಿ ಓದಿದರು.

"ಮಾನ್ಯರೇ, ನಿಮ್ಮ ಪುಸ್ತಿಕೆಯ ಏಳನೇ ನಡಿಗೆಯನ್ನು ಒಂಬತ್ತನೇ ಸಲ ನಡೆದು ಬಂದು ಇದನ್ನು ಬರೆಯುತ್ತಿದ್ದೇನೆ. 'ಹೂವಿನ ಮೇಲೆ ಕಾಲಿಟ್ಟಷ್ಟು ಹಗುರ' ಎಂದು ಬರೆದ ಮಹಾನುಭಾವರು ಅಲ್ಲಿ ಒಂದು ಸಲವೂ ಕಾಲಿಟ್ಟಿಲ್ಲ. ಮೆಟ್ಟಿಲು ಆರುನೂರ ಹನ್ನೆರಡು. ನೆರಳು ಸೊನ್ನೆ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಮೇಲಿನ ಬೆಂಚಿನ ಮೇಲೆ ಕೂತಿರುತ್ತೇನೆ. ಬನ್ನಿ, ಬರೆದವರನ್ನೂ ಕರೆತನ್ನಿ. ಇತಿ, ನಡೆದು ನೋಡಿದವರು."

ನಡಿಗೆಪ್ಪ ಕಿಟಕಿಯಾಚೆಯ ಬಿಸಿಲನ್ನು ನೋಡಿದ.

"ಎರಡನೇ ಮುದ್ರಣ ಸೋಮವಾರ ಪ್ರೆಸ್ಸಿಗೆ ಹೋಗ್ಬೇಕು" ಎಂದರು ಮೇಡಂ. "ಈಗಲೇ ಹೊರಡೋಣ. ನಿಮ್ಮ ಬರಹ ನಿಜ ಆದ್ರೆ ಈ ಕಾಗದದವರ ಬಾಯಿ ಮುಚ್ಚಿಸ್ತೀನಿ. ಸುಳ್ಳಾದ್ರೆ, ದಾಖಲೆ ಕೋಣೆ ಖಾಲಿ ಇದೆ."

ದಾಖಲೆ ಕೋಣೆ! ಆ ಹೆಸರು ಕೇಳಿದರೆ ಕಚೇರಿಯ ಗೋಡೆಗಡಿಯಾರವೂ ಒಂದು ಕ್ಷಣ ನಿಲ್ಲುತ್ತಿತ್ತು. ಇರುವುದು ನಾಲ್ಕನೇ ಮಹಡಿ. ಲಿಫ್ಟು ಕೆಟ್ಟು ಯಾವ ಕಾಲವಾಯಿತೋ. ಕೇಳಿದವರಿಗೆ ಕಡತ ತಂದುಕೊಡಲು ದಿನಕ್ಕೆ ನಾಲ್ಕು ಸಲವಾದರೂ ಹತ್ತಿ ಇಳಿಯಬೇಕು. ಹಿಂದೆ ಅಲ್ಲಿದ್ದವನು ಏನೂ ತಪ್ಪು ಮಾಡಿದವನಲ್ಲ ಪಾಪ, ತನ್ನ ವಿಭಾಗದ ಟೈಪಿಸ್ಟನ್ನೇ ಮದುವೆಯಾಗಿದ್ದ. ಗಂಡ ಹೆಂಡತಿ ಒಂದೇ ವಿಭಾಗದಲ್ಲಿರಬಾರದೆಂಬ ನಿಯಮ ಅವನನ್ನು ಮೇಲಕ್ಕೆ ಹತ್ತಿಸಿತ್ತು. ಹತ್ತು ವರ್ಷದಲ್ಲಿ ಅವನು ಸೊರಗಿ ಅರ್ಧಕ್ಕೆ ಇಳಿದಿದ್ದ.

"ಮೇಡಂ, ಈ ಬಿಸಿಲಲ್ಲಿ..." ಎಂದು ನಡಿಗೆಪ್ಪ ತೊದಲಿದ.

ಮೇಡಂ ಪುಸ್ತಿಕೆ ತೆರೆದರು. "'ಸೂಕ್ತ ಕಾಲ: ಕಡುಬೇಸಿಗೆ, ಮಧ್ಯಾಹ್ನ ಹನ್ನೊಂದರಿಂದ ಒಂದು. ಬಿಸಿಲು ತಾಯಿಯಂತೆ ಮೈದಡವುತ್ತದೆ.' ನೀವೇ ಬರೆದಿದ್ದಲ್ವಾ? ಕಾಲ ಕೂಡಿ ಬಂದಿದೆ, ನಡೀರಿ."

ಬಾಗಿಲಲ್ಲಿ ಲೆಕ್ಕದ ಮೇಷ್ಟ್ರು ನಿಂತಿದ್ದರು. ನಡಿಗೆಪ್ಪನ ಎದುರುಮನೆಯ ನಿವೃತ್ತ ಮೇಷ್ಟ್ರು ಅವರು. ದಿನಾ ಪತ್ರಿಕೆ ಓದುವ ನೆವದಲ್ಲಿ ಕಚೇರಿಗೆ ಬಂದು, ಎಲ್ಲರ ಸಮಾಚಾರಕ್ಕೂ ಕಿವಿ ಕೊಟ್ಟು ಹೋಗುತ್ತಿದ್ದರು. ಮಣಿಕಟ್ಟಿನಲ್ಲಿ ಅಳಿಯ ಕೊಡಿಸಿದ, ಹೆಜ್ಜೆ ಎಣಿಸುವ ಗಡಿಯಾರ.

"ಎಣಿಸೋಕೆ ಜನ ಬೇಕಾದ್ರೆ ನಾನಿದೀನಿ ಮೇಡಂ!" ಎಂದರು. "ಒಂದು ಹೆಜ್ಜೆ ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ."

"ಬನ್ನಿ. ಸಾಕ್ಷಿಗೆ ಒಬ್ಬರಿದ್ರೆ ಒಳ್ಳೇದೇ. ಪೋಸ್ಟ್‌ಮನ್, ನಿಮಗೆ ಆ ದಾರಿ ಗೊತ್ತಿರಬೇಕಲ್ಲ, ನೀವೂ ಬನ್ನಿ."

ಕಾಗದ ತಂದುಕೊಟ್ಟು ಇನ್ನೂ ಅಲ್ಲೇ ಹಲ್ಲು ಕಿರಿಯುತ್ತಿದ್ದ ಪೋಸ್ಟ್‌ಮನ್ನನ ಹಲ್ಲು ತಟ್ಟನೆ ಒಳಗೆ ಸೇರಿದವು.

ಕಚೇರಿಯಲ್ಲೂ ತೋರಿಕೆಗೆ ಇಟ್ಟಿದ್ದ ಟೋಪಿ, ಕೋಲು, ಬಾಟಲಿ ಎತ್ತಿಕೊಂಡು, ಬೂಟು ಕಟ್ಟಿಕೊಳ್ಳುವ ನೆಪದಲ್ಲಿ ನಡಿಗೆಪ್ಪ ಮೂಲೆಗೆ ಹೋಗಿ ಹೆಂಡತಿಗೆ ಫೋನು ಹಚ್ಚಿದ. ಸಂಕಟ ಬಂದಾಗ ಹೆಂಡತಿಯೇ ಗತಿ. "ಲೇ, ಇನ್ನು ಹತ್ತು ನಿಮಿಷ ಬಿಟ್ಟು ನನಗೆ ಫೋನ್ ಮಾಡು. ಬಚ್ಚಲಲ್ಲಿ ಜಾರಿಬಿದ್ದೆ, ಈಗಲೇ ಬನ್ನಿ ಅಂತ ಅಳು. ಜೋರಾಗಿ ಅಳು, ಮೇಡಂಗೆ ಕೇಳಿಸ್ಬೇಕು."

"ಆಗಲ್ಲ ರೀ" ಎಂದಳು ಅವಳು. ಅವಳ ಹಿಂದೆ ಗಾಳಿ ಭರ್ರೋ ಎನ್ನುತ್ತಿತ್ತು. "ನಾನು ಡಾಕ್ಟರ ಹತ್ರ ಬಂದಿದೀನಿ, ಮಂಡಿ ತೋರಿಸೋಕೆ."

"ಅದೇನೇ ಅದು ಗಾಳಿ ಸದ್ದು?"

"ಡಾಕ್ಟರ ಫ್ಯಾನು ಜೋರಿದೆ. ಇಡ್ತೀನಿ, ನನ್ನ ಸರದಿ ಬಂತು."

ಈ ಫ್ಯಾನುಗಳಿಗೂ ತನಗೂ ಯಾವ ಜನ್ಮದ ವೈರವೋ ಎಂದು ಅವನು ಹಣೆ ಚಚ್ಚಿಕೊಂಡ.

ಹನ್ನೊಂದೂಕಾಲಿಗೆ ಕಚೇರಿಯ ಜೀಪು ನಾಲ್ವರನ್ನು ಗುಡ್ಡದ ಬುಡದಲ್ಲಿ ಇಳಿಸಿತು. ನಡಿಗೆಪ್ಪ ಕತ್ತೆತ್ತಿ ನೋಡಿದ. ಇನ್ನೂ ನೋಡಿದ. ಟೋಪಿ ಹಿಂದಕ್ಕೆ ಜಾರಿ ಬಿದ್ದರೂ ಮೆಟ್ಟಿಲು ಮುಗಿಯಲಿಲ್ಲ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತಾರೆ. ಇವನು ದೂರದಿಂದಲೂ ನೋಡಿರಲಿಲ್ಲ. ಅವನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

"ಏನು, ಮೊದಲ ಸಲ ನೋಡ್ದೋರ ಹಾಗೆ ನಿಂತ್ರಿ?" ಎಂದರು ಮೇಡಂ.

"ಪ್ರತಿ ಸಲ ಬಂದಾಗ್ಲೂ ಹೀಗೇ ಮೇಡಂ. ಮೈ ಮರೆತುಹೋಗುತ್ತೆ."

ಮೇಡಂ ಕೊಡೆ ಬಿಡಿಸಿ ಹತ್ತತೊಡಗಿದರು. ಕಡ್ಡಿಯಂತಿದ್ದ ಅವರಿಗೆ ಗುಡ್ಡವೂ ಒಂದೇ, ಕಚೇರಿಯ ಮೊಗಸಾಲೆಯೂ ಒಂದೇ. ಅವರ ಹಿಂದೆ ಮೇಷ್ಟ್ರು ಗಟ್ಟಿಯಾಗಿ ಎಣಿಸುತ್ತ ನಡೆದರು. ನಡಿಗೆಪ್ಪನೂ ಪೋಸ್ಟ್‌ಮನ್ನನೂ ಕೊನೆಗೆ.

ಅರವತ್ತನೇ ಮೆಟ್ಟಿಲಿಗೆ ನಡಿಗೆಪ್ಪನ ನೀರು ಖಾಲಿ. ನೂರಕ್ಕೆ ಅಂಗಿ ಒದ್ದೆ. ತಾಯಿಯಂತೆ ಮೈದಡವಬೇಕಿದ್ದ ಬಿಸಿಲು ಮಲತಾಯಿಯಂತೆ ಬೆನ್ನ ಮೇಲೆ ಬಾರಿಸುತ್ತಿತ್ತು. ನೂರೈವತ್ತಕ್ಕೆ ಅವನು ಗೆಳೆಯನ ತೋಳು ಹಿಡಿದು ನಿಲ್ಲಿಸಿದ.

"ಏನೋ ಪಾಪಿ, ಒಂದು ತೊಟ್ಟು ಬೆವರಲ್ಲ ಅಂದಿದ್ಯಲ್ಲೋ!"

ಪೋಸ್ಟ್‌ಮನ್ ನಾಯಿಯಂತೆ ತೇಕುತ್ತಿದ್ದ. "ನಾನು ಇದನ್ನ ಹತ್ತಿದ್ದು ಇವತ್ತೇ ಮೊದಲು ಕಣೋ."

"ಏನಂದೆ?"

"ಹಿಂದುಗಡೆ ರಸ್ತೇಲಿ ನಮ್ಮ ವ್ಯಾನು ಮೇಲೆವರೆಗೂ ಬಿಡುತ್ತೆ. ನಾನು ಕಾಗದ ಹಂಚ್ತಾ ಇಳ್ಕೊಂಡು ಬರ್ತೀನಿ. ಇಳಿಯೋಕೆ ನಲವತ್ತೇ ನಿಮಿಷ."

ನಡಿಗೆಪ್ಪನಿಗೆ ನಿಂತ ಮೆಟ್ಟಿಲು ಕುಸಿದಂತಾಯಿತು. ಪುಸ್ತಿಕೆಯ ಇಪ್ಪತ್ತು ದಾರಿಗಳೂ ಕಣ್ಣ ಮುಂದೆ ಒಂದೊಂದಾಗಿ ತಲೆಕೆಳಗಾದವು. "ಹಾಗಾದ್ರೆ ಎಲ್ಲಾ ದಾರೀನೂ..."

"ಎಲ್ಲಾ ಇಳಿಯೋ ಲೆಕ್ಕಾನೇ."

"ಮತ್ತೆ ಈ ಕಡುಬೇಸಿಗೆ? ಇದೇ ಒಳ್ಳೇ ಕಾಲ ಅಂತ ಯಾವ ಬಾಯಲ್ಲಿ ಹೇಳಿದೆ?"

"ಬೇಸಿಗೇಲಿ ಟಪಾಲು ಕಮ್ಮಿ. ಚೀಲ ಹಗುರ. ನನಗೆ ಒಳ್ಳೇ ಕಾಲಾನೇ ಅಲ್ವೇನೋ? ನೀನು ಕೇಳಿದ್ದು ನನ್ನ, ನಾನು ಹೇಳಿದ್ದು ನನ್ನ ಕತೆ. ನಡೆದು ನೋಡು ಅಂತ ಮೇಡಂ ಹೇಳಿದ್ದು ನಿನಗೆ!"

ಬೈಯೋಣವೆಂದರೆ ನಡಿಗೆಪ್ಪನಲ್ಲಿ ಉಸಿರಿರಲಿಲ್ಲ. ಮೇಲಿನಿಂದ ಮೇಷ್ಟ್ರ ದನಿ ಕ್ಷೀಣವಾಗಿ ಕೇಳಿಸಿತು. "ಮುನ್ನೂರ ಮೂವತ್ತೊಂಬತ್ತು... ಮುನ್ನೂರ ನಲವತ್ತು... ಮುಂದಿಂದು ನೀವೇ ಎಣಿಸ್ಕೊಳ್ಳಿ!" ಇವರು ಅಲ್ಲಿಗೆ ತಲುಪುವಾಗ ಮೇಷ್ಟ್ರು ಬಂಡೆಯ ಅಂಚಿನ ಗೇಣುದ್ದ ನೆರಳಲ್ಲಿ ತಲೆಯೊಂದನ್ನು ಮಾತ್ರ ತೂರಿಸಿ ಮಲಗಿದ್ದರು.

"ಹೂವಿನ ಮೇಲೆ ಕಾಲಿಟ್ಟಷ್ಟು ಹಗುರ ಅಂದ್ರಲ್ಲಯ್ಯ!" ಎಂದು ನರಳಿದರು. "ನನ್ನ ಗಡಿಯಾರ ನೋಡಿ. 'ಕೂಡಲೇ ವೈದ್ಯರನ್ನು ಕಾಣಿ' ಅಂತ ತೋರಿಸ್ತಿದೆ. ನಾನು ಇಲ್ಲೇ ಇರ್ತೀನಿ. ಬರೋವಾಗ ಎತ್ಕೊಂಡು ಹೋಗಿ."

ಮುಂದಿನ ಮೆಟ್ಟಿಲುಗಳನ್ನು ನಡಿಗೆಪ್ಪ ಕಾಲಿನಿಂದ ಹತ್ತಿದನೋ ಕೈಯಿಂದ ಹತ್ತಿದನೋ ಅವನಿಗೇ ತಿಳಿಯದು. ಹತ್ತುತ್ತ ಹತ್ತುತ್ತ ಅವನ ಮನಸ್ಸು ಒಂದೇ ಲೆಕ್ಕ ಹಾಕುತ್ತಿತ್ತು. ಆ ನಡೆದು ನೋಡಿದವನು ಬಂದಿರದಿದ್ದರೆ? ಇಷ್ಟು ಬಿಸಿಲಲ್ಲಿ ಯಾವ ಹುಚ್ಚ ಬರುತ್ತಾನೆ? ಬಂದಿಲ್ಲವೆಂದರೆ ಮೇಡಂ ಕಾಗದಗಳನ್ನೆಲ್ಲ ಹರಿದು ಹಾಕುತ್ತಾರೆ. ಮೆಟ್ಟಿಲಿನ ಸಂಗತಿಗೆ ಏನಾದರೂ ಸಬೂಬು ಹೇಳಿದರಾಯಿತು. ಬರದೇ ಇರಲಪ್ಪಾ, ಬರದೇ ಇರಲಿ.

ಮೇಲೆ ಬೋಳು ಬಯಲು, ನಡುವೆ ಒಂದು ಕಲ್ಲು ಬೆಂಚು. ಬೆಂಚಿನ ಮೇಲೆ ಇವರಿಗೆ ಬೆನ್ನು ಮಾಡಿ ಒಬ್ಬರು ಕೂತಿದ್ದರು. ತಲೆಗೆ ಬಿಳಿ ಟವೆಲು ಸುತ್ತಿಕೊಂಡು, ಪಕ್ಕದಲ್ಲಿ ಫ್ಲಾಸ್ಕು ಇಟ್ಟುಕೊಂಡು.

ಮೇಡಂ ಮುಂದೆ ಹೋಗಿ, "ನಡೆದು ನೋಡಿದವರು?" ಎಂದು ಕೇಳಿದರು.

ಟವೆಲಿನ ತಲೆ ಇತ್ತ ತಿರುಗಿತು.

ನಡಿಗೆಪ್ಪನ ಕೈಯಿಂದ ಕೋಲು ಜಾರಿತು. ಪೋಸ್ಟ್‌ಮನ್ ಗಕ್ಕನೆ ಅವನ ಬೆನ್ನ ಹಿಂದೆ ಅಡಗಿದ. ಮಂಡಿ ನೋವಿನ ಹೆಂಡತಿ, ಡಾಕ್ಟರ ಫ್ಯಾನಿನ ಕೆಳಗಿರಬೇಕಾದ ಹೆಂಡತಿ, ಒಂದು ಏದುಸಿರೂ ಇಲ್ಲದೆ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದಳು.

"ಹೌದು ಮೇಡಂ, ನಾನೇ. ಇಷ್ಟು ದೂರ ಬಂದಿದ್ದು ದೊಡ್ಡದು. ಬನ್ನಿ, ನೆರಳಂತೂ ಇಲ್ಲ, ಟೀ ಕುಡೀರಿ." ಆಮೇಲೆ ಅವಳ ಕಣ್ಣು ನಡಿಗೆಪ್ಪನ ಮೇಲೆ ನಿಂತಿತು. ಬೂಟಿನಿಂದ ಟೋಪಿಯವರೆಗೆ ನಿಧಾನವಾಗಿ ನೋಡಿದಳು. "ಪುಸ್ತಿಕೆ ಬರೆದ ಸಾರ್ ಇವರೇನಾ?"

"ಇವರೇ" ಎಂದರು ಮೇಡಂ.

"ನೋಡಿದ್ದು ಸಂತೋಷ" ಎಂದಳು, ಹತ್ತೊಂಬತ್ತು ವರ್ಷದಿಂದ ಅವನ ಜೊತೆ ಸಂಸಾರ ಮಾಡಿದವಳು. "ಇಲ್ಲಿ ನೋಡಬೇಕಂತ ತುಂಬಾ ದಿನದಿಂದ ಆಸೆ ಇತ್ತು."

ನಡಿಗೆಪ್ಪ ಬಗ್ಗಿ ಕೋಲು ಹುಡುಕತೊಡಗಿದ.

ಹೆಂಡತಿ ಚೀಲದಿಂದ ಒಂದು ನೋಟ್‌ಬುಕ್ ತೆಗೆದಳು. ಇಪ್ಪತ್ತು ದಾರಿಗೂ ಇಪ್ಪತ್ತು ಪುಟ. ಹತ್ತಲು ಎಷ್ಟು, ಇಳಿಯಲು ಎಷ್ಟು, ನೀರು ಎಲ್ಲಿ, ಯಾವ ತಿಂಗಳಲ್ಲಿ ಕೆಸರು, ಯಾವ ತಿಂಗಳಲ್ಲಿ ಹೂವು, ಮಂಡಿ ನೋವಿನವರು ಎಲ್ಲೆಲ್ಲಿ ಕೂರಬಹುದು. ಬಯಲಿನ ಅಂಚಿಗೆ ಕರೆದೊಯ್ದು ಪುಸ್ತಿಕೆಯ 'ನೀಲಿ ಸರೋವರ'ವನ್ನೂ ತೋರಿಸಿದಳು. ಕೆಳಗೆ ಇಟ್ಟಿಗೆ ಗೂಡಿನ ಮೇಲೆ ನೀಲಿ ಟಾರ್ಪಾಲು ಪಟಪಟ ಬಡಿಯುತ್ತಿತ್ತು.

ಮೇಡಂ ನೋಟ್‌ಬುಕ್ ಪುಟ ಪುಟವೂ ತಿರುವಿ ಮುಚ್ಚಿದರು. "ಇದೆಲ್ಲ ಯಾವಾಗ ಮಾಡಿದ್ರಿ?"

"ಭಾನುವಾರ ಮೇಡಂ. ಭಾನುವಾರ ನಮ್ಮ ಯಜಮಾನ್ರು ಮನೇಲಿರಲ್ಲ, ವಾಕಿಂಗ್ ಹೋಗಿರ್ತಾರೆ." ಅವಳ ದನಿ ಸ್ವಲ್ಪ ತಗ್ಗಿತು. "ಮೊದಲು ನಾನೂ ಬರ್ತೀನಿ ಅಂದೆ, ಬೇಡ ಅಂದ್ರು. ಆಮೇಲೆ ಗುಟ್ಟಾಗಿ ದಿನಾ ಸ್ವಲ್ಪ ಸ್ವಲ್ಪ ನಡೆದೆ. ಮಂಡಿ ನೋವು ಹೋಯ್ತು. ಒಂದು ಭಾನುವಾರ ಅವರು ಮೂರನೇ ದಾರಿಗೆ ಹೋಗ್ತೀನಿ ಅಂದಿದ್ರು. ಅಚ್ಚರಿ ಮಾಡೋಣ ಅಂತ ಫ್ಲಾಸ್ಕು, ಎರಡು ಲೋಟ ತಗೊಂಡು ನಾನೂ ಹೋಗಿ ಕೂತೆ. ಹನ್ನೆರಡರವರೆಗೂ ಕೂತೆ. ಯಾರೂ ಬರ್ಲಿಲ್ಲ. ಮನೆಗೆ ಬಂದ್ರೆ ಅವರು ಮಣ್ಣಿನ ಬೂಟು ಕಳಚ್ತಾ, 'ಆ ತಂಪು ಮರದ ಕೆಳಗೆ ಎಂಥಾ ಗಾಳಿ ಅಂತೀಯ!' ಅಂದ್ರು."

ನಡಿಗೆಪ್ಪನಿಗೆ ಆ ಭಾನುವಾರ ನೆನಪಿತ್ತು. ಅವತ್ತು ಕೇರಂನಲ್ಲಿ ಗೆದ್ದಿದ್ದ. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಭೂಮಿ ಆ ಉಪಕಾರ ಮಾಡಲಿಲ್ಲ.

"ಛೆ! ಎಂಥಾ ಗಂಡಸರಿರ್ತಾರೆ ಲೋಕದಲ್ಲಿ!" ಎಂದು ಮೇಡಂ ನಡಿಗೆಪ್ಪನ ಕಡೆ ತಿರುಗಿದರು. "ನೋಡಿದ್ರಾ? ನಿಮ್ಮಂಥೋರೇ ಇನ್ನೊಬ್ಬರು. ಈಯಮ್ಮ ನಮ್ಮ ವಿಭಾಗಕ್ಕೆ ಸೋಮವಾರದಿಂದಲೇ ಬರಲಿ. ಪುಸ್ತಿಕೆ ಇನ್ನು ಇವರದು. ನೀವು ನಾಲ್ಕನೇ ಮಹಡಿ."

"ಬೇಡ ಮೇಡಂ" ಎಂದಳು ಹೆಂಡತಿ ತಟ್ಟನೆ. "ಪಾಪ, ಆ ಮೆಟ್ಟಿಲು ಬೇಡ. ಇವರನ್ನ ನನ್ನ ಕೈಕೆಳಗೆ ಬಿಡಿ. ವಾರದ ದಿನ ಕುರ್ಚೀಲಿ ಕೂತು ಟೈಪ್ ಮಾಡ್ಲಿ, ಭಾನುವಾರ ಮಾತ್ರ ನನ್ನ ಜೊತೆ ನಡೀಲಿ. ಕಲೀತಾರೆ."

ಮೇಡಂ ಒಪ್ಪಿದರು. ಹೆಂಡತಿ ಎರಡನೇ ಲೋಟಕ್ಕೆ ಟೀ ಬಗ್ಗಿಸಿ ನಡಿಗೆಪ್ಪನ ಕೈಗಿತ್ತಳು. ಕೆಲಸ ಉಳಿಯಿತಲ್ಲ ಎಂದು ಸಮಾಧಾನ ಪಡುವ ಬದಲು, ಅವನ ತಲೆಯಲ್ಲಿ ಬರೀ ಭಾನುವಾರಗಳು ಸಾಲುಗಟ್ಟಿ ನಿಂತವು. ಕೇರಂ ಇಲ್ಲದ ಭಾನುವಾರಗಳು. ಗುಡ್ಡದ ಮೇಲೆ ಗುಡ್ಡ, ಮುಂದೆ ಹೆಂಡತಿ, ಹಿಂದೆ ತಾನು.

ಇಳಿಯುವುದು ಸುಲಭವಾಗಿತ್ತು. ಪೋಸ್ಟ್‌ಮನ್ ಹೇಳಿದ್ದರಲ್ಲಿ ಅದೊಂದು ನಿಜ. ಮುನ್ನೂರ ನಲವತ್ತನೇ ಮೆಟ್ಟಿಲಿನಲ್ಲಿ ಮೇಷ್ಟ್ರು ತಲೆಯೆತ್ತಿದರು. ಕಣ್ಣುಜ್ಜಿಕೊಂಡರು.

"ಅಯ್ಯೋ, ಎದುರುಮನೆ ತಂಗೀ, ನೀನೆಲ್ಲಿಂದ ಬಂದೆ? ಮಂಡಿ ನೋವು ಅಂತಿದ್ಯಲ್ಲಮ್ಮ! ಗಂಡ ಹೆಂಡ್ತಿ ಇಬ್ರೂ ಸೇರಿ ಬಂದಿದೀರಿ ಅಂತ ಮೊದಲೇ ಹೇಳಬಾರ್ದಿತ್ತೇನಯ್ಯ?"

ಮೇಡಂ ಕೊಡೆ ಕೆಳಗಿಳಿಸಿದರು. "ಗಂಡ ಹೆಂಡ್ತಿ? ಯಾರು?"

ಮೇಡಂ ಹೆಂಡತಿಯನ್ನು ನೋಡಿದರು, ನಡಿಗೆಪ್ಪನನ್ನು ನೋಡಿದರು, ಅವನ ಬೂಟನ್ನು ನೋಡಿದರು. ಮೇಡಂ ಬಾಯಿ ತೆರೆದು ನಿಂತದ್ದನ್ನು ಕಚೇರಿಯಲ್ಲಿ ಯಾರೂ ಅದುವರೆಗೆ ಕಂಡಿರಲಿಲ್ಲ.

ಅಷ್ಟರಲ್ಲಿ ನಡಿಗೆಪ್ಪನ ತಲೆಯೊಳಗೆ ಫಕ್ಕನೆ ದೀಪ ಹೊತ್ತಿತು. ನಿಯಮ! ಕಚೇರಿಯ ನಿಯಮ ಇದೆಯಲ್ಲ! ಹೆಂಡತಿ ಕಚೇರಿಗೆ ಬರುವಂತಿಲ್ಲ, ಭಾನುವಾರ ತನ್ನದೇ! ಬೆಳಗಿನಿಂದ ಉಡುಗಿದ್ದ ಅವನ ದನಿ ಗಂಟೆಯಂತೆ ಮೊಳಗಿತು.

"ಹೌದು ಮೇಡಂ, ಇವಳು ನನ್ನ ಹೆಂಡ್ತಿ! ನಿಯಮದ ಪ್ರಕಾರ ಗಂಡ ಹೆಂಡ್ತಿ ಒಂದೇ ವಿಭಾಗದಲ್ಲಿ ಇರೋ ಹಾಗಿಲ್ಲ! ಒಬ್ಬರನ್ನ ಬಿಡಲೇಬೇಕು!"

ಹೆಂಡತಿ ಕಣ್ಣು ಮುಚ್ಚಿಕೊಂಡಳು. "ಅಯ್ಯೋ ದೇವರೇ, ಇವರ ಬಾಯಿ!" ಎಂದಳು ಮೆಲ್ಲಗೆ.

ಮೇಡಂ ಬಾಯಿ ಮುಚ್ಚಿ, ಕೊಡೆ ಎತ್ತಿ ಹಿಡಿದರು. "ಸರಿಯಾಗಿ ಹೇಳಿದ್ರಿ. ನಾನು ಮರೆತೇಬಿಟ್ಟಿದ್ದೆ. ಒಬ್ಬರನ್ನ ಬಿಡಲೇಬೇಕು." ನೋಟ್‌ಬುಕ್ಕನ್ನು ಒಮ್ಮೆ ತಟ್ಟಿದರು. "ಸೋಮವಾರ ಹತ್ತಕ್ಕೆ ಸರಿಯಾಗಿ ನಾಲ್ಕನೇ ಮಹಡೀಲಿರಿ."

"ನೂರ ಹನ್ನೆರಡು ಮೆಟ್ಟಿಲು" ಎಂದರು ಮೇಷ್ಟ್ರು, ಯಾರೂ ಕೇಳದಿದ್ದರೂ. "ದಿನಕ್ಕೆ ನಾಲ್ಕು ಸಲ ಅಂದ್ರೆ ನಾನೂರ ನಲವತ್ತೆಂಟು. ಇಳಿಯೋದು ಬೇರೆ."

ನಡಿಗೆಪ್ಪ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಕಲ್ಲು ಕಾದ ಬಾಣಲೆಯಂತೆ ಸುಟ್ಟಿತು, ಹೌಹಾರಿ ಎದ್ದ. ಮಿಕ್ಕವರು ಕೆಳಗಿಳಿದು ಹೋಗುತ್ತಿದ್ದರು. ಪೋಸ್ಟ್‌ಮನ್ನಂತೂ ಮೇಷ್ಟ್ರನ್ನು ಹೆಗಲಿಗೆ ಆನಿಸಿಕೊಂಡು, ಹಿಂದೆ ತಿರುಗಿಯೂ ನೋಡದೆ ಇಳಿಯುತ್ತಿದ್ದ. ಹೆಂಡತಿಯೊಬ್ಬಳು ಅವನಿಗಾಗಿ ನಿಂತಿದ್ದಳು.

"ಹೋಗ್ಲಿ ಬಿಡೇ" ಎಂದ ಅವನು, ಉಳಿದ ಒಂದು ಎಳೆ ಆಸೆಯನ್ನು ಹಿಡಿದುಕೊಂಡು. "ಭಾನುವಾರ ಆದ್ರೂ ಉಳೀತಲ್ಲ. ನೀನು ಈಗ ನನ್ನ ಮೇಲಧಿಕಾರಿ ಅಲ್ಲ."

"ಅಲ್ಲ" ಎಂದಳು ಹೆಂಡತಿ. ಹೆಗಲಿನ ಚೀಲ ತೆಗೆದು ಅವನ ಕೊರಳಿಗೆ ಹಾಕಿದಳು. ಒಳಗೆ ಫ್ಲಾಸ್ಕಿನ ಜೊತೆ ಎರಡು ಲೋಟ ಟಣಗುಟ್ಟಿದವು. "ಹೆಂಡ್ತಿ. ಎರಡು ವರ್ಷದಿಂದ ಈ ಎರಡನೇ ಲೋಟ ನಾನೇ ಹೊತ್ತಿದೀನಿ, ಇನ್ನು ನೀವು ಹೊರಿ. ನಾಳೆ ಐದೂವರೆಗೆ ಎದ್ದೇಳಿ. ಭಾನುವಾರ."